ಓಡಿಸಿ ಉಳಿಸಿದ ಹಣ

ಜೂನ್ ಎರಡು, ಸೋಮವಾರ, ಬೆಳಿಗ್ಗೆ ಆರೂವರೆ. ವಿಶಾಖಪಟ್ಟಣದ ಮಧುರವಾಡದ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೂತು ಇದನ್ನು ಬರೆಯಲು ಶುರು ಮಾಡಿದ್ದೇನೆ. ಮೊನ್ನೆ ಶುಕ್ರವಾರ ಶೋರೂಮಿನವರು ನನಗೆ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ಪೂತರೇಕು ಎಂಬ ಇಲ್ಲಿಯ ಸಿಹಿ ತಿನ್ನಿಸಿ ಕಳಿಸಿಕೊಟ್ಟರು. ನನಗೆ ಮೂವತ್ತಾರು ವರ್ಷ. ಈ ವಯಸ್ಸಿಗೆ ಎಂಥ ನಿವೃತ್ತಿ ಎಂದು ಅಮ್ಮ ದಾವಣಗೆರೆಯಿಂದ ಫೋನಿನಲ್ಲಿ ನಕ್ಕಳು. ಶಾಲು ಹೊದಿಸಿ ಗಡಿಯಾರ ಕೊಟ್ಟ ಮೇಲೆ ಅದು ನಿವೃತ್ತಿಯೇ. ಹನ್ನೊಂದು ವರ್ಷ ಕಾರು ಮಾರಿದೆ. ಇನ್ನು ಊರಿಗೆ ಹೋಗಿ ಅಕ್ಕನ ಜೊತೆ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತೇನೆ.

ಕರ್ನಾಟಕದಿಂದ ಈ ಕಡೆ ಶೋರೂಮುಗಳಿಗೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಅಕ್ಕ, ಎಲೆಕ್ಟ್ರಿಕ್ ಸೆಕ್ಷನ್‌ಗೆ ಹಾಕಿದ್ದಾರೆ, ಏನು ಹೇಳಿ ಮಾರೋದು?" ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ನಾನು ದಿನವೂ ಡೈರಿ ಬರೆಯುವವಳು. ಎಷ್ಟು ಕಾರು ಮಾರಿದೆ ಎಂಬುದು ಅದರಲ್ಲಿದೆ, ಆದರೆ ಅದು ಮ್ಯಾನೇಜರಿಗೆ ಬೇಕಾದ ಲೆಕ್ಕ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬೇರೆ ಲೆಕ್ಕಗಳು. ಟೆಸ್ಟ್ ಡ್ರೈವ್ ಎಂದು ಹೇಳಿ ನಮ್ಮ ಕಾರಿನಲ್ಲಿ ಮಗಳ ಮನೆಗೆ ಹಣ್ಣು ಕೊಟ್ಟು ಬಂದವರು ಒಂಬತ್ತು ಮಂದಿ. ನಾನು ಪೂರ್ತಿ ವಿವರಿಸಿದ ಮೇಲೆ "ಸಾರ್ ಯಾರಾದರೂ ಇದ್ದಾರಾ?" ಎಂದು ಕೇಳಿದವರ ಎಣಿಕೆಯನ್ನು ಎರಡನೆಯ ವರ್ಷಕ್ಕೆ ಬಿಟ್ಟೆ, ಡೈರಿಯ ಹಾಳೆ ಸಾಲಲಿಲ್ಲ.

ನಾನು ಮೊದಲು ಸೇರಿದ್ದು ವಿಜಯವಾಡದ ಶೋರೂಮಿಗೆ. ಆಗ ಕೆಲಸ ಸುಲಭವಿತ್ತು. ಗಿರಾಕಿ ಮೂರು ಪ್ರಶ್ನೆ ಕೇಳುತ್ತಿದ್ದ: ಮೈಲೇಜ್ ಎಷ್ಟು ಕೊಡುತ್ತೆ, ಬಿಳಿ ಬಣ್ಣ ಇದೆಯಾ, ಸೀಟ್ ಕವರ್ ಫ್ರೀನಾ. ಮೂರಕ್ಕೂ ನಗುತ್ತ ಉತ್ತರ ಹೇಳಿದರೆ ಮುಗಿಯಿತು ಎಂದು ನಮ್ಮ ಮ್ಯಾನೇಜರ್ ಪ್ರಸಾದ್ ಗಾರು ಕಲಿಸಿದ್ದರು. ಪ್ರಸಾದ್ ಗಾರು ಒಳ್ಳೆಯ ಮನುಷ್ಯ. ಶೋರೂಮಿನಲ್ಲಿ ಜಗಳ ಶುರುವಾದ ಕೂಡಲೇ ಎಸಿ ಸರಿಯಾಗಿ ಓಡುತ್ತಿದೆಯೇ ಎಂದು ನೋಡಲು ಮಹಡಿಗೆ ಹೋಗಿಬಿಡುತ್ತಿದ್ದರು. ಅವರಷ್ಟು ಎಸಿ ಬಗ್ಗೆ ಕಾಳಜಿ ಇದ್ದವರನ್ನು ನಾನು ಕಂಡಿಲ್ಲ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳು ಬಂದ ಮೇಲೆ ನಗು ಸಾಲದಾಯಿತು. ಕಂಪನಿಯವರು ನಮ್ಮನ್ನು ಹೋಟೆಲಿನಲ್ಲಿ ಕೂರಿಸಿ ಲೆಕ್ಕ ಮಾಡುವುದನ್ನು ಕಲಿಸಿದರು. ಆ ಲೆಕ್ಕ ಇಷ್ಟೇ. ಎಲೆಕ್ಟ್ರಿಕ್ ಕಾರು ಕೊಳ್ಳುವಾಗ ದುಬಾರಿ, ಓಡಿಸುವಾಗ ಅಗ್ಗ. ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ ಏಳು ರೂಪಾಯಿ ಆದರೆ, ಮನೆಯ ಮೀಟರಿನ ಕರೆಂಟಿನಲ್ಲಿ ಸುಮಾರು ಒಂದೇ ರೂಪಾಯಿ. ಆದ್ದರಿಂದ ಕೊಳ್ಳುವಾಗ ಹೆಚ್ಚಿಗೆ ಕೊಟ್ಟದ್ದು ಎಷ್ಟು ಕಿಲೋಮೀಟರ್ ಓಡಿದ ಮೇಲೆ ವಾಪಸ್ ಬರುತ್ತದೆ ಎಂಬುದೇ ಪ್ರಶ್ನೆ. ದಿನಾ ದೂರ ಓಡಾಡುವವರಿಗೆ ಬೇಗ ಬರುತ್ತದೆ, ವಾರಕ್ಕೊಮ್ಮೆ ತೆಗೆಯುವವರಿಗೆ ಬರುವುದೇ ಇಲ್ಲ. ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯೂ ಸೇರಿ ಸಂಸಾರ ಮಾಡುವ ಕಾರು. ನಾವು ಮಾರುತ್ತಿದ್ದುದಕ್ಕೆ ಪ್ಲಗ್ ಇಲ್ಲ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿ ಹಿಡಿದಿಟ್ಟುಕೊಂಡು ನಿಧಾನ ಹೋಗುವಾಗ ಖರ್ಚು ಮಾಡುತ್ತದೆ. ಹಾಗಾಗಿ ಪಟ್ಟಣದ ಟ್ರಾಫಿಕ್‌ನಲ್ಲಿ ಒದ್ದಾಡುವವರಿಗೆ ಅದರಿಂದ ಲಾಭ.

ಲೆಕ್ಕ ಸರಳ. ಅದನ್ನು ಕೇಳುವ ಜನ ಸರಳ ಅಲ್ಲ. ಪಕ್ಕದ ಇಬ್ರಾಹಿಂಪಟ್ನಂನಿಂದ ಒಬ್ಬರು ನಿವೃತ್ತ ಎಂಜಿನಿಯರ್ ಬಂದರು, ರಾಮಮೋಹನ್ ಗಾರು. ವಿದ್ಯುತ್ ಸ್ಥಾವರದಲ್ಲಿ ಇಡೀ ಜೀವನ ಕಳೆದವರು. ನಾನು ಎಲೆಕ್ಟ್ರಿಕ್ ಕಾರಿನ ಮುಂದೆ ನಿಂತು ಮಾತು ಶುರು ಮಾಡುವುದಕ್ಕೂ ಮೊದಲೇ ಕೈ ಎತ್ತಿ ನಿಲ್ಲಿಸಿದರು.

"ಅಮ್ಮಾ, ಈ ಕಾರಿಗೆ ಕರೆಂಟು ಎಲ್ಲಿಂದ ಬರುತ್ತೆ?"

"ಗೋಡೆಯ ಪ್ಲಗ್‌ನಿಂದ ಸಾರ್."

"ಅಲ್ಲ. ನನ್ನಿಂದ. ಮೂವತ್ತು ವರ್ಷ ಶಿಫ್ಟ್ ಮಾಡಿ ಕರೆಂಟು ತಯಾರಿಸಿದ್ದೇನೆ. ಈಗ ಮನೆಗೆ ಬಂದ ಮೇಲೂ ಬೆಳಿಗ್ಗೆ ಎದ್ದು ಅದರದ್ದೇ ಚಾಕರಿ ಮಾಡಬೇಕಾ? ಪ್ಲಗ್ ಹಾಕು, ಪ್ಲಗ್ ತೆಗಿ, ಎಷ್ಟು ಪರ್ಸೆಂಟ್ ನೋಡು. ಮತ್ತೆ ರಿಟೈರ್ ಆದದ್ದು ಯಾಕೆ?"

ಅವರಿಗೆ ಹೈಬ್ರಿಡ್ ಮಾರಿದೆ. ಮನೆ ಇಬ್ರಾಹಿಂಪಟ್ನಂ, ಮಕ್ಕಳು ಮೊಮ್ಮಕ್ಕಳು ವಿಜಯವಾಡದ ನಡುಮಧ್ಯೆ, ದಾರಿಯುದ್ದಕ್ಕೂ ಸಿಗ್ನಲ್. ಲೆಕ್ಕ ಅಚ್ಚುಕಟ್ಟಾಗಿ ಹೊಂದಿತು. ಹದಿನೈದು ದಿನಕ್ಕೆ ಅವರ ಹೆಂಡತಿಯ ಫೋನ್ ಬಂತು. "ಮೇಡಮ್, ಕಾರು ಬೆಂಜ್ ಸರ್ಕಲ್‌ನಲ್ಲಿ ಸಾಯುತ್ತೆ." ಆದದ್ದೇನೆಂದರೆ, ಸಿಗ್ನಲ್ ಹತ್ತಿರ ಹೈಬ್ರಿಡ್‌ನ ಎಂಜಿನ್ ತಾನೇ ನಿಲ್ಲುತ್ತದೆ, ಅದೇ ಅದರ ಉಳಿತಾಯ. ಹಿಂದಿನ ಸೀಟಿನಲ್ಲಿ ಕೂತಿದ್ದ ಆಕೆ ಸದ್ದು ನಿಂತ ಕೂಡಲೇ ಗಾಜು ಇಳಿಸಿ "ಬಾಬೂ, ಸ್ವಲ್ಪ ತಳ್ಳಿ" ಎಂದು ಹೂ ಮಾರುವವರನ್ನು ಕರೆದಿದ್ದರು. ಅವರು ಬಂದು ಕೈಯಿಡುವುದಕ್ಕೂ ಹಸಿರು ದೀಪ ಬರುವುದಕ್ಕೂ ಸರಿಹೋಯಿತು, ಕಾರು ಹೊರಟಿತು. ತಳ್ಳಿದ್ದರಿಂದಲೇ ಹೊರಟಿತು ಎಂದು ಎಲ್ಲರಿಗೂ ಖಾತ್ರಿ. ಮೂರು ಸಲ ಹೀಗಾಗಿ, ಮೂರು ಸಲವೂ ಕಾಫಿಗೆಂದು ನೋಟು ಕೊಟ್ಟಿದ್ದರು. ಎಂಜಿನಿಯರ್ ಗಾರಿಗೆ ಫೋನ್ ಕೊಡಿಸಿ, ನೀವು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದೆ ಅಮ್ಮಾ. ಮೂವತ್ತು ವರ್ಷದಿಂದ ನಾನು ಹೇಳುವುದನ್ನು ಅವಳು ಯಾವಾಗ ಕೇಳಿದ್ದಾಳೆ?"

ಅಂದಿನಿಂದ ಡೆಲಿವರಿಯ ದಿನ ಓಡಿಸುವವರಿಗಿಂತ ಹೆಚ್ಚಾಗಿ ಹಿಂದೆ ಕೂರುವವರಿಗೆ ವಿವರಿಸುವ ಪದ್ಧತಿ ಇಟ್ಟುಕೊಂಡೆ. ಹೊಸಬರು ಇದನ್ನು ಮರೆಯಬೇಡಿ. ಕಾರು ಓಡಿಸುವವರು ಒಬ್ಬರು, ಅದರ ಬಗ್ಗೆ ತೀರ್ಮಾನ ಮಾಡುವವರು ಹಿಂದಿನ ಸೀಟಿನಲ್ಲಿರುತ್ತಾರೆ.

ಆಮೇಲೆ ನಮ್ಮ ಮಾಲೀಕರು ವಿಶಾಖಪಟ್ಟಣದಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆಂದೇ ದೊಡ್ಡ ಶೋರೂಮ್ ತೆರೆದರು. ಪ್ರಸಾದ್ ಗಾರು ನನ್ನನ್ನೂ ಕರೆದುಕೊಂಡು ಬಂದರು. ಬಂದವರೇ ಬಾಗಿಲ ಎದುರಿಗೆ ತೆಲುಗಿನಲ್ಲಿ ಒಂದು ಬೋರ್ಡ್ ಹಾಕಿಸಿದರು: ಎಷ್ಟು ಓಡಿಸಿದರೆ ಅಷ್ಟು ಉಳಿತಾಯ. "ಗಿರಾಕಿಗೆ ನಿನ್ನ ಲೆಕ್ಕ ಬೇಡಮ್ಮಾ, ಒಂದು ಸಾಲು ಸಾಕು" ಎಂದರು. ಆ ಒಂದು ಸಾಲಿನಿಂದ ಆದದ್ದನ್ನೇ ನಾನು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು.

ಒಂದು ಬೆಳಿಗ್ಗೆ ದಂಪತಿ ಬಂದರು. ಗಂಡ ಸತ್ಯನಾರಾಯಣ ಗಾರು, ಐವತ್ತೆಂಟು ದಾಟಿದವರು. ಸಿಗಡಿ ರಫ್ತು ಮಾಡುವ ಕಂಪನಿಯ ಕೋಲ್ಡ್ ಸ್ಟೋರೇಜಿನಲ್ಲಿ ಜೀವಮಾನ ಕಳೆದು ಆಗಷ್ಟೇ ಬಿಟ್ಟಿದ್ದರು. ಅವರು ಕಾರಿನ ಮುಂಭಾಗ ನೋಡುತ್ತಿದ್ದರೆ ಹೆಂಡತಿ ಹಿಂದಿನ ಬಾಗಿಲು ತೆರೆದು, ಸೀಟಿನ ಅಂಚನ್ನು ಬೆರಳಲ್ಲಿ ಎತ್ತಿ ನೋಡಿ, "ಹೊಲಿಗಿ ನೆಟ್ಟಗಿಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

"ಅಕ್ಕ, ಕನ್ನಡದವರಾ ನೀವು?"

"ಮತ್ತ? ಗಂಗಾವತಿಯಾಕಿ. ನೀ ಯಾ ಊರಾಕಿ ತಂಗಿ?"

ಅವರು ಶಾರದಕ್ಕ. ಗಂಗಾವತಿಯ ಕಡೆ ನೆಲೆಸಿದ ತೆಲುಗು ನೆಂಟರ ಮದುವೆಗೆ ಬಂದಿದ್ದ ಸತ್ಯನಾರಾಯಣ ಗಾರು ಅಲ್ಲೇ ಅವರನ್ನು ನೋಡಿ ಮದುವೆಯಾದದ್ದಂತೆ. ಮಧುರವಾಡದ ಸ್ವಂತ ಮನೆಯ ಕೆಳಗೆ ಶಾರದಕ್ಕನ ಟೈಲರಿಂಗ್ ಅಂಗಡಿ. ಮದುವೆ ಬ್ಲೌಸುಗಳಿಗೆ ಚಿನ್ನದ ದಾರ, ಮಣಿ, ಕುಂದನ್ ಕೂರಿಸುವ ಮಗ್ಗಂ ವರ್ಕ್ ಅವರ ವಿಶೇಷ.

ಮೊದಲ ಪ್ರಶ್ನೆ ನಾನೇ ಕೇಳಬೇಕು, ಕೇಳಿದೆ. "ಸಾರ್, ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ?"

"ಎಂಬತ್ತು ಅಮ್ಮಾ. ಎಂಬತ್ತು ಗ್ಯಾರಂಟಿ."

ಶಾರದಕ್ಕ ತಿರುಗಿ ನೋಡಿದರು. "ಎಂಬತ್ತು? ಹಾಲಿನ ಅಂಗಡಿಗೆ ಹೋಗಿ ಬರೂದು ಎಂಬತ್ತು ಕಿಲೋಮೀಟರ್ ಆಗ್ತೈತೇನ್ರಿ? ದಾರಿ ತಪ್ಪಿ ಒಡಿಶಾಕ್ಕ ಹೋಗಿ ಬರ್ತೀರೇನು?"

ಗಂಡಸರು ಕಿಲೋಮೀಟರನ್ನು ಸಂಬಳದ ಹಾಗೆ ಹೇಳುತ್ತಾರೆ, ಒಂದಿಷ್ಟು ಸೇರಿಸಿ. ನಾನು ಹೊರಗೆ ಹೋಗಿ ಅವರ ಹಳೆಯ ಪೆಟ್ರೋಲ್ ಕಾರಿನ ಮೀಟರ್ ನೋಡಿ ಬಂದೆ. ಕಾರಿನ ವಯಸ್ಸಿನಿಂದ ಭಾಗಿಸಿದರೆ ದಿನಕ್ಕೆ ಹದಿನೈದು. ಆ ಕಾರು ಇನ್ನು ರಿಪೇರಿಯಾಗುವಂತಿರಲಿಲ್ಲ, ಹೊಸದಂತೂ ಬೇಕಿತ್ತು. ಅವರು ಇಷ್ಟಪಟ್ಟ ಎಲೆಕ್ಟ್ರಿಕ್ ಕಾರಿಗೂ ಅಂಥದೇ ಪೆಟ್ರೋಲ್ ಕಾರಿಗೂ ನಾಲ್ಕು ಲಕ್ಷದ ಅಂತರ. ಹಾಳೆ ಮುಂದಿಟ್ಟು ಹೇಳಿದೆ: "ಸಾರ್, ನಿಮ್ಮ ಓಡಾಟಕ್ಕೆ ಈ ನಾಲ್ಕು ಲಕ್ಷ ವಾಪಸ್ ಬರಲು ಹನ್ನೆರಡು ವರ್ಷ ಬೇಕು. ನಿಮಗೆ ಪೆಟ್ರೋಲ್ ಕಾರೇ ಸಾಕು."

ಪ್ರಸಾದ್ ಗಾರು ದೂರದಿಂದ ಕೆಮ್ಮಿದರು.

ಸತ್ಯನಾರಾಯಣ ಗಾರು ಬೋರ್ಡಿನ ಕಡೆ ಕೈ ತೋರಿಸಿದರು. "ಅಲ್ಲಿ ಬರೆದಿದೆ ಅಲ್ವಾ. ಎಂಬತ್ತು ಓಡಿಸಿದರೆ?"

"ಎರಡೂವರೆ ವರ್ಷ."

"ಆಯ್ತು. ಎಂಬತ್ತು ಓಡಿಸ್ತೀನಿ."

ಶಾರದಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ಆ ನಾಲ್ಕು ಲಕ್ಷ ಅವರದು. ಕಂಪ್ಯೂಟರ್ ಕಸೂತಿ ಯಂತ್ರಕ್ಕೆಂದು ಕೂಡಿಸಿಟ್ಟದ್ದು. ಕೈಯಲ್ಲಿ ನಾಲ್ಕು ದಿನ ಹಿಡಿಯುವ ಕೆಲಸವನ್ನು ಅದು ಒಂದು ಬೆಳಿಗ್ಗೆಯಲ್ಲಿ ಮುಗಿಸುತ್ತದೆ. ಎದುರಿನ ರಸ್ತೆಯಲ್ಲಿ ಹೊಸ ಟೈಲರಿಂಗ್ ಅಂಗಡಿ ತೆರೆಯುತ್ತಾರೆ ಎಂಬ ಸುದ್ದಿ ಇತ್ತು.

"ಹಂಗಾದ್ರ ಬೇಡ ಅನ್ನಿ ಅಕ್ಕ" ಎಂದೆ.

ಅವರು ಗಂಡನ ಕಡೆ ನೋಡಿದರು. ಸತ್ಯನಾರಾಯಣ ಗಾರು ಚಾಲಕನ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದು, ನಿಂತ ಕಾರಿನಲ್ಲೇ ಎಡಕ್ಕೆ ಬಲಕ್ಕೆ ಕನ್ನಡಿ ನೋಡಿಕೊಳ್ಳುತ್ತಿದ್ದರು. "ಮೂವತ್ತು ವರ್ಷ ಸ್ವೆಟರ್ ಹಾಕ್ಕೊಂಡು ಐಸ್ ರೂಮಿನಾಗ ನಿಂತಾರ ತಂಗಿ. ಬ್ಯಾಸಿಗ್ಯಾಗೂ ಸ್ವೆಟರ್. ಒಮ್ಮಿನೂ ಇದು ಬೇಕು ಅಂತ ಕೇಳಿಲ್ಲ. ಎರಡೂವರೆ ವರ್ಷ ತಾನ? ಕಾಯ್ತೀನಿ."

ಡೆಲಿವರಿಯ ದಿನದ ಪೂಜೆಗೆ ಅವರೇ ಒಬ್ಬ ಪುರೋಹಿತರನ್ನು, ಪಂತುಲು ಗಾರನ್ನು, ಕರೆತಂದಿದ್ದರು. ಕುಂಕುಮ, ಹೂವು ಆಯಿತು, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಪಂತುಲು ಗಾರು ತೆಂಗಿನಕಾಯಿ ಎತ್ತಿ, "ಬಂಡಿ ಸ್ಟಾರ್ಟ್ ಮಾಡಿ" ಎಂದರು.

"ಆಗಿದೆ" ಎಂದರು ಸತ್ಯನಾರಾಯಣ ಗಾರು.

"ಎಲ್ಲಿ ಆಗಿದೆ? ಸದ್ದಿಲ್ಲ."

"ಇದಕ್ಕೆ ಸದ್ದಿರಲ್ಲ ಪಂತುಲು ಗಾರು."

"ಸದ್ದಿಲ್ಲದೆ ಹೇಗೆ ಕಾಯಿ ಒಡೀಲಿ? ದೇವರಿಗೆ ಹೇಗೆ ತಿಳೀಬೇಕು?"

ಮೂವರು ಸೇರಿ ತಿಳಿಸಿ ಹೇಳಿದರೂ ಎತ್ತಿದ ಕಾಯಿ ಇಳಿಯಲಿಲ್ಲ. ಕೊನೆಗೆ ಪ್ರಸಾದ್ ಗಾರು ಓಡಿಬಂದು ಕಿಟಕಿಯೊಳಗೆ ಕೈ ಹಾಕಿ ಹಾರನ್ ಒತ್ತಿ ಹಿಡಿದರು. ಆ ಸದ್ದಿನಲ್ಲೇ ಮಂತ್ರ, ಆರತಿ, ಕಾಯಿ ಎಲ್ಲವೂ ಮುಗಿದವು. ಅಂದಿನಿಂದ ನಮ್ಮಲ್ಲಿ ಎಲೆಕ್ಟ್ರಿಕ್ ಕಾರಿನ ಪೂಜೆ ಎಂದರೆ ಒಬ್ಬರು ಹಾರನ್ ಒತ್ತಿ ನಿಲ್ಲಬೇಕು. ಇದು ಕಂಪನಿಯ ತರಬೇತಿಯಲ್ಲಿ ಇಲ್ಲ, ನೀವೇ ನೆನಪಿಟ್ಟುಕೊಳ್ಳಿ.

ವಾರ ಕಳೆದ ಮೇಲೆ ಸತ್ಯನಾರಾಯಣ ಗಾರ ಫೋನ್ ಬಂತು. "ಅಮ್ಮಾ, ಭೀಮುನಿಪಟ್ಟಣಕ್ಕೆ ಹೋಗಿ ಕಾಫಿ ಕುಡಿದು ಬಂದೆ. ಇನ್ನೂರೈವತ್ತು ಉಳೀತು."

ಅದು ಇಪ್ಪತ್ತು ಕಿಲೋಮೀಟರ್ ದೂರದ ಕಡಲ ದಡದ ಊರು; ನಾನು ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಹೋದ ದೂರಕ್ಕೆ ಪೆಟ್ರೋಲ್ ಆಗಿದ್ದರೆ ಎಷ್ಟಾಗುತ್ತಿತ್ತು, ಕರೆಂಟಿಗೆ ಎಷ್ಟಾಯಿತು, ಕಳೆದು ಉಳಿದದ್ದನ್ನು ಅವರು ಲಾಭ ಎಂದು ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಮನೆಯಲ್ಲಿ ಕೂತರೆ ಅವತ್ತಿನ ಉಳಿತಾಯ ಹೋಯಿತಲ್ಲ ಎಂದು ಚಡಪಡಿಸುತ್ತಿದ್ದರು. ಪಕ್ಕದ ಮನೆಯವರನ್ನು ರೈಲ್ವೆ ಸ್ಟೇಷನ್ನಿಗೆ ಬಿಟ್ಟರು, ಅವರ ನೆಂಟರನ್ನೂ ಬಿಟ್ಟರು. ರೈಲು ತಪ್ಪಿಸಿಕೊಂಡ ಅಪರಿಚಿತನೊಬ್ಬನನ್ನು ಮುಂದಿನ ಸ್ಟೇಷನ್ನಿನ ತನಕ ಕರೆದೊಯ್ದು ರೈಲು ಹತ್ತಿಸಿದರು. "ಅದೊಂದರಲ್ಲೇ ನಾನೂರು ಉಳೀತು ಅಮ್ಮಾ!" ಒಮ್ಮೆ ವಿಜಯವಾಡಕ್ಕೇ ಹೋಗಿಬಿಟ್ಟರು. ದಾರಿಯಲ್ಲಿ ಎರಡು ಕಡೆ ಫಾಸ್ಟ್ ಚಾರ್ಜರ್‌ಗೆ ಹಾಕಬೇಕಾಯಿತು. ಅಲ್ಲಿ ಕರೆಂಟಿನ ದರ ಮನೆಯದಕ್ಕಿಂತ ಎಷ್ಟೋ ಹೆಚ್ಚು. ಕಾರಿಗೆ ಕರೆಂಟು ತುಂಬುವವರೆಗೆ ಇವರು ವೆಜ್ ಬಿರಿಯಾನಿ ತುಂಬಿಸಿಕೊಂಡರು. ಆ ದಿನದ ಉಳಿತಾಯ ಮಾತ್ರ ಯಾಕೋ ಕಡಿಮೆ ಬಂತು ಎಂದು ನನ್ನನ್ನು ಕೇಳಿದರು.

"ಸಾರ್, ಬೇಕಾದ ಕೆಲಸಕ್ಕೆ ಮಾತ್ರ ಓಡಿಸಿ" ಎಂದೆ.

"ಅಯ್ಯೋ ಅಮ್ಮಾ, ಹಾಗೆ ಮಾಡಿದರೆ ಹನ್ನೆರಡು ವರ್ಷ ಆಗುತ್ತೆ ಅಂತ ನೀನೇ ಹೇಳಿದ್ದು."

ಒಂದೂವರೆ ವರ್ಷ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಶಾರದಕ್ಕ ಶೋರೂಮಿಗೆ ಬಂದರು, ಹಿಂದೆ ಗಂಡ. ಅಕ್ಕನ ಕೈಯಲ್ಲಿ ದೊಡ್ಡ ಬಟ್ಟೆಯ ಚೀಲ. ಪ್ರಸಾದ್ ಗಾರ ಮೇಜಿನ ಮೇಲೆ ಅದನ್ನು ಬೋರಲು ಹಾಕಿದರು. ಚಿಪ್ಪಿನ ಗೊಂಬೆಗಳು, ಮೂರು ಹುಲ್ಲಿನ ಟೋಪಿ, ತಾಳೆಬೆಲ್ಲ, ಕೊಂಡಪಲ್ಲಿಯ ಮರದ ಆಟಿಕೆ ಎತ್ತಿನ ಗಾಡಿ, ಕಾಗದದಲ್ಲಿ ಸುತ್ತಿದ ಒಣಮೀನು.

"ಇದು ನೋಡ್ರಿ ಇವ್ರು ಉಳಿಸಿದ್ದು. ನಾವು ಮೀನು ತಿನ್ನಂಗಿಲ್ಲ. ಒಣಮೀನು ಯಾಕ ತಂದ್ರಿ ಅಂದ್ರ ಸೋವಿ ಇತ್ತು ಅಂತಾರ!"

"ಸೋವಿ ಇತ್ತು ಶಾರದಾ. ಮಾರ್ಕೆಟ್ ರೇಟು ನನಗೆ ಗೊತ್ತಿಲ್ವಾ?"

"ನೀವು ಸುಮ್ಮನಿರ್ರಿ. ತಂಗಿ, ಇವರ ಫೋನಿನಾಗ ಎರಡು ಲಕ್ಷ ಉಳಿದೈತಂತ. ನನ್ನ ಪೆಟಗಿಯೊಳಗ ಒಂದು ರೂಪಾಯಿ ಇಲ್ಲ. ಆ ರೊಕ್ಕ ಎಲ್ಲೈತಿ ತೋರ್ಸು."

ಎದುರಿನ ಅಂಗಡಿ ತೆರೆದಿತ್ತು. ಅವರ ಬಳಿ ಕಸೂತಿ ಯಂತ್ರ ಬಂದಿತ್ತು. ಶಾರದಕ್ಕನ ಬಳಿ ಹೊಲಿಯುತ್ತಿದ್ದ ನಾಲ್ವರು ಹುಡುಗಿಯರಲ್ಲಿ ಇಬ್ಬರು ಅಲ್ಲಿಗೆ ಹೋಗಿದ್ದರು. ಮುಂದಿನ ಮದುವೆ ಸೀಸನ್ನಿಗೆ ಯಂತ್ರ ಬಾರದಿದ್ದರೆ ಅಂಗಡಿ ಮುಚ್ಚುವುದೇ ಎಂದರು. ಆಗ ಅವರ ದನಿ ಸ್ವಲ್ಪ ಒಡೆಯಿತು. ಪ್ರಸಾದ್ ಗಾರು ಎಸಿ ನೋಡಲು ಎದ್ದರು. ಶಾರದಕ್ಕ "ನೀವು ಕುಂದ್ರಿರಿ" ಎಂದದ್ದು ಕನ್ನಡದಲ್ಲಾದರೂ ಅವರು ಕೂತರು.

ನಾನು ಸತ್ಯನಾರಾಯಣ ಗಾರ ಎದುರು ಕುರ್ಚಿ ಎಳೆದುಕೊಂಡೆ. "ಸಾರ್, ಈ ಕಾರು ಇಲ್ಲದಿದ್ದರೆ ಕಾಫಿ ಕುಡಿಯಲು ಭೀಮುನಿಪಟ್ಟಣಕ್ಕೆ ಹೋಗುತ್ತಿದ್ದಿರಾ?"

"ಇಲ್ಲಮ್ಮಾ. ಮನೆಯಲ್ಲೇ ಕುಡೀತಿದ್ದೆ."

"ಆಗ ಪೆಟ್ರೋಲಿಗೆ ಎಷ್ಟು ಖರ್ಚಾಗುತ್ತಿತ್ತು?"

ಅವರು ಫೋನಿನ ಲೆಕ್ಕ ತೆರೆದು ನೋಡಿದರು. "ಏನೂ ಇಲ್ಲ."

"ಈಗ ಕರೆಂಟಿಗೆ?"

"ನಲವತ್ತು."

"ಕಾಫಿ, ಟೋಪಿ, ಮೀನು ಬಿಡಿ. ಉಳಿದದ್ದು ಎಷ್ಟು ಸಾರ್?"

ಅವರು ನನ್ನನ್ನು ಬಿಟ್ಟು ಬೋರ್ಡನ್ನು ನೋಡಿದರು, ಬೋರ್ಡನ್ನು ಬಿಟ್ಟು ಪ್ರಸಾದ್ ಗಾರನ್ನು ನೋಡಿದರು. "ಪ್ರಸಾದ್ ಗಾರು, ಇದು ಹೀಗೆ ಅಂತ ಅಲ್ಲಿ ಬರೆಯಬೇಕಿತ್ತಲ್ಲ?"

ಹೊಸಬರಿಗೆ ಹೇಳುವುದು ಇದನ್ನೇ. ಓಡಿಸಲೇಬೇಕಾದ ಕಿಲೋಮೀಟರಿನಲ್ಲಿ ಮಾತ್ರ ಉಳಿತಾಯ ಇರುವುದು. ಹೋಗದೆ ಬಿಟ್ಟ ದಾರಿಗೆ ಪೆಟ್ರೋಲೂ ಬೇಡ, ಕರೆಂಟೂ ಬೇಡ. ನಮ್ಮ ಹಾಳೆಯಲ್ಲಿ ಈ ಸಾಲು ಇರುವುದಿಲ್ಲ. ಇದ್ದರೆ ಅರ್ಧ ಕಾರು ಮಾರಾಟವಾಗುವುದಿಲ್ಲ.

ಕಾರು ಮಾರಿಬಿಡೋಣ ಎಂದರು ಸತ್ಯನಾರಾಯಣ ಗಾರು. ಹಳೆಯ ಕಾರು ಕೊಳ್ಳುವ ಪರಿಚಯದವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವನು ಪೆಟ್ರೋಲ್ ಕಾರಾದರೆ ಬಣ್ಣ ಕೇಳಿಯೇ ಬೆಲೆ ಹೇಳುವವನು. ಇದಕ್ಕೆ, "ಬ್ಯಾಟರಿ ಒಳಗೆ ಏನಿದೆಯೋ ನನಗೇನು ಗೊತ್ತು ಮೇಡಮ್" ಎಂದು, ಕೊಂಡ ಬೆಲೆಯ ಅರ್ಧಕ್ಕೂ ಕೆಳಗೆ ಹೇಳಿದ. ಮಾರುವ ಮಾತು ಅಲ್ಲಿಗೆ ನಿಂತಿತು.

ಶಾರದಕ್ಕ ಎದ್ದು ಹೊರಗೆ ಹೋಗಿ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಸಿಟ್ಟಿನಿಂದ ಮನೆಗೆ ಹೊರಟರು ಎಂದುಕೊಂಡೆ. ಅವರು ಕೈ ಅಗಲಿಸಿ ಸೀಟಿನ ಉದ್ದ ಅಳೆಯುತ್ತಿದ್ದರು. ಗಾಜು ಇಳಿಸಿ ನನ್ನನ್ನು ಕರೆದರು.

"ತಂಗಿ, ಇಲ್ಲಿಂದ ಅಚ್ಯುತಾಪುರಂಗೆ ಹೋಗಿ ಬರಾಕ ಕರೆಂಟು ಎಷ್ಟಾಗ್ತೈತಿ?"

"ನೂರಿಪ್ಪತ್ತು, ನೂರಮೂವತ್ತು ರೂಪಾಯಿ ಅಕ್ಕ."

"ಪೆಟ್ರೋಲ್ ಆದ್ರ?"

"ಎಂಟುನೂರರ ಮೇಲೆ."

"ಒಂದು ಬ್ಲೌಸಿನ ಕೂಲಿಗಿಂತ ಕಡಿಮಿ ಆತು ನೋಡು ಕರೆಂಟಿಂದು."

ಅಚ್ಯುತಾಪುರಂ ಕಾರ್ಖಾನೆಗಳ ಊರು. ಅಲ್ಲಿಯ ಔಷಧ ಕಂಪನಿಗಳಲ್ಲಿ ಕೆಲಸ ಮಾಡುವ ಹುಡುಗಿಯರು ಹಾಸ್ಟೆಲುಗಳಲ್ಲಿರುತ್ತಾರೆ. ನಮ್ಮ ಬಳ್ಳಾರಿ, ಕಲಬುರಗಿ ಕಡೆಯವರೂ ಇದ್ದಾರೆ. ಮದುವೆ ಗೊತ್ತಾದರೆ ಎರಡು ಬಸ್ಸು ಬದಲಿಸಿ ಶಾರದಕ್ಕನ ಅಂಗಡಿಗೆ ಬರುತ್ತಿದ್ದರು. ಭಾನುವಾರ ಬಿಟ್ಟರೆ ರಜೆಯಿಲ್ಲ; ಹಾಗಾಗಿ ಎಷ್ಟೋ ಮಂದಿ ಬರುವುದನ್ನೇ ಬಿಟ್ಟಿದ್ದರು.

"ಅವ್ರು ಬರೂದು ಬ್ಯಾಡ. ಇವ್ರು ಹೋಗ್ಲಿ" ಎಂದರು ಶಾರದಕ್ಕ.

"ನಾನಾ? ಬ್ಲೌಸ್ ಹೊತ್ತುಕೊಂಡು?"

"ಸಿಗಡಿ ಹೊತ್ತಿಲ್ಲೇನು? ಬ್ಲೌಸಿಗೆ ವಾಸನಿನೂ ಇಲ್ಲ."

"ಲೇಡೀಸ್ ಹಾಸ್ಟೆಲ್ ಮುಂದೆ ನನ್ನ ವಯಸ್ಸಿನವನು ನಿಂತರೆ ಏನಂದಾರು?"

"ಗೇಟಿನಾಗ ವಾರ್ಡನ್ ಅಕ್ಕ ಇರ್ತಾಳ. ಅಳತಿ ಬ್ಲೌಸ್, ಬಟ್ಟಿ ಎಲ್ಲಾ ಆಕಿ ಕೈಯಾಗ ಇಸ್ಕೊಳ್ರಿ. ಬ್ಲೌಸ್ ಇಲ್ದ ಕಾರು ನಮ್ಮ ಮನಿ ಗೇಟು ದಾಟಬಾರ್ದು, ಅಷ್ಟ. ಭೀಮುನಿಪಟ್ಟಣಕ್ಕೂ ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಅಲ್ಲೂ ಮದುವಿ ಆಗ್ತಾವಲ್ಲ."

ಮೊದಲ ವಾರ ಸತ್ಯನಾರಾಯಣ ಗಾರು ಹಾಸ್ಟೆಲಿನ ರೇಣುಕಾಳ ಬ್ಲೌಸನ್ನು ರಮ್ಯಾಳಿಗೆ ಕೊಟ್ಟು ಬಂದರು. ರಮ್ಯಾಗೆ ಅದರಲ್ಲಿ ಒಂದು ತೋಳು ಮಾತ್ರ ಹಿಡಿಸಿತು. ಹಾಸ್ಟೆಲಿನ ಅಷ್ಟೂ ಹುಡುಗಿಯರು ಶಾರದಕ್ಕನಿಗೆ ಫೋನ್ ಮಾಡಿದರು. ಎರಡನೆಯ ವಾರದಿಂದ ಅವರು ತಮಗೆ ಗೊತ್ತಿದ್ದ ವಿದ್ಯೆ ತೆಗೆದರು. ಸಿಗಡಿಯನ್ನು ಒಂದು ಕಿಲೋಗೆ ಎಷ್ಟು ಬರುತ್ತವೆ ಎಂಬುದರ ಮೇಲೆ ಗ್ರೇಡ್ ಮಾಡುತ್ತಾರೆ. ಇವರು ಹಿಂದಿನ ಸೀಟಿನ ಮೇಲೆ ಕಂಬಿ ಕಟ್ಟಿ ಬ್ಲೌಸುಗಳನ್ನು ಗಾತ್ರದ ಪ್ರಕಾರ ನೇತುಹಾಕಿ, ಮೀನಿನ ಕ್ರೇಟಿಗೆ ಕಟ್ಟುವಂಥ ಚೀಟಿ ಕಟ್ಟಿದರು. ಮದುಮಗಳೊಬ್ಬಳು ತನ್ನ ಬ್ಲೌಸಿನ ಚೀಟಿಯಲ್ಲಿ "ಜಂಬೋ, ಎಕ್ಸ್‌ಪೋರ್ಟ್ ಕ್ವಾಲಿಟಿ" ಎಂದಿರುವುದನ್ನು ನೋಡಿ ಮತ್ತೆ ಫೋನ್ ಮಾಡಿದಳು. ಅದನ್ನೂ ಸರಿಮಾಡಿಕೊಂಡರು. ತಪ್ಪುಗಳು ನಿಂತವು, ಗಿರಾಕಿಗಳು ಹೆಚ್ಚಿದರು. ಹಾಸ್ಟೆಲಿನಿಂದ ಹಾಸ್ಟೆಲಿಗೆ ಸುದ್ದಿ ಹೋಯಿತು. ಬಿಟ್ಟುಹೋಗಿದ್ದ ಇಬ್ಬರಲ್ಲಿ ಒಬ್ಬ ಹುಡುಗಿ ವಾಪಸ್ ಬಂದಳು.

ಸೀಸನ್ನಿಗೆ ಮೊದಲೇ ಯಂತ್ರದ ಮುಂಗಡ ಸೇರಿತು, ಉಳಿದದ್ದಕ್ಕೆ ಕಂತು. ಯಂತ್ರ ಬಂದ ದಿನ ನನ್ನನ್ನೂ ಕರೆದರು. ಅದೇ ಪಂತುಲು ಗಾರು. ಯಂತ್ರ ಗಡಗಡ ಸದ್ದು ಮಾಡಿದ್ದು ಕೇಳಿ ಅವರಿಗೆ ಪರಮ ಸಂತೋಷವಾಯಿತು, ಒಂದೇ ಏಟಿಗೆ ಕಾಯಿ ಒಡೆದರು. ಸೂಜಿ ನೀಲಿ ರೇಷ್ಮೆಯ ಮೇಲೆ ನವಿಲಿನ ಕುತ್ತಿಗೆ ತೆಗೆಯುತ್ತಿತ್ತು. ಅಚ್ಯುತಾಪುರಂನಿಂದ ಆಗಷ್ಟೇ ಬಂದ ಸತ್ಯನಾರಾಯಣ ಗಾರು ಕಾರಿಗೆ ಪ್ಲಗ್ ಹಾಕಿದರು. ಮನೆಯ ದೀಪವೆಲ್ಲ ಒಮ್ಮೆಲೇ ಆರಿತು. ಫ್ಯಾನ್ ನಿಂತಿತು, ನವಿಲು ಅರ್ಧಕ್ಕೆ ನಿಂತಿತು.

ಯಂತ್ರ, ಇಸ್ತ್ರಿ ಪೆಟ್ಟಿಗೆ, ಕಾರು ಮೂರನ್ನೂ ಒಟ್ಟಿಗೆ ಆ ಮನೆಯ ಮೀಟರ್ ತಡೆಯುವುದಿಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಸಬರು ಗಿರಾಕಿಯ ಮನೆಯ ಮೀಟರನ್ನೂ ಒಮ್ಮೆ ನೋಡಿ ಬನ್ನಿ. ಸದ್ಯಕ್ಕೆ ಶಾರದಕ್ಕ ನಿಯಮ ಮಾಡಿದರು: ಯಂತ್ರ ನಿಂತ ಮೇಲೆಯೇ ಕಾರಿಗೆ ಕರೆಂಟು. ಸೀಸನ್ನಿನಲ್ಲಿ ಯಂತ್ರ ನಿಲ್ಲುವುದೇ ಅಪರೂಪ. ಕಳೆದ ವಾರ ಹೇಳಿಹೋಗಲು ಅವರ ಮನೆಗೆ ಹೋಗಿದ್ದೆ. ಸತ್ಯನಾರಾಯಣ ಗಾರು ಚಾರ್ಜಿಂಗ್ ವೈರನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದರು.

"ಆಯ್ತಾ ಶಾರದಾ?"

"ಇನ್ನೊಂದು ತೋಳು ಐತಿ. ಕುಂದ್ರಿರಿ."

ನಾನು ಒಳಗೆ ಹೋಗಿ ಮೆಲ್ಲಗೆ ಹೇಳಿದೆ: "ಅಕ್ಕ, ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟರೆ ಮೀಟರಿನ ಲೋಡ್ ಹೆಚ್ಚು ಮಾಡಿಕೊಡುತ್ತಾರೆ. ದೊಡ್ಡ ಖರ್ಚಲ್ಲ. ಅರ್ಜಿ ನಾನೇ ತುಂಬಿಕೊಡುತ್ತೇನೆ."

ಶಾರದಕ್ಕ ಸೂಜಿಗೆ ಚಿನ್ನದ ದಾರ ಪೋಣಿಸುತ್ತಿದ್ದವರು ತಲೆಯೆತ್ತಲಿಲ್ಲ. "ನನಗೂ ಗೊತ್ತೈತಿ ತಂಗಿ. ಸುಮ್ಮನಿರು, ಅವ್ರಿಗೆ ಹೇಳಬ್ಯಾಡ. ಎರಡು ವರ್ಷ ಆದಮ್ಯಾಲ ಮನ್ಯಾಗ ಕುಂತಾರ."

ನಾನು ಹೇಳಲಿಲ್ಲ. ಕನ್ನಡದಲ್ಲಿ ಬರೆದ ಈ ಹಾಳೆಗಳನ್ನು ಅವರು ಓದಲಾರರು ಎಂಬ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ.

ಕೊನೆಯದಾಗಿ, ನನಗೆ ಉತ್ತರ ಗೊತ್ತಿಲ್ಲದ ಒಂದು ವಿಷಯ. ಬ್ಯಾಟರಿಯ ವಾರಂಟಿ ಮುಗಿದ ಮೇಲೂ ಇಂಥ ಕಾರನ್ನು ಇಟ್ಟುಕೊಂಡವರು, ಅಥವಾ ಅದನ್ನು ಮಾರಿದವರು ಈ ಬರಹ ಓದುತ್ತಿದ್ದರೆ, ಬ್ಯಾಟರಿ ಎಷ್ಟು ಉಳಿದಿತ್ತು, ಯಾರು ಎಷ್ಟು ಕೊಟ್ಟರು ಎಂಬುದನ್ನು ದಯವಿಟ್ಟು ನನಗೆ ಬರೆದು ತಿಳಿಸಿ. ಶಾರದಕ್ಕ ಕೇಳಿದ್ದಾರೆ, ನಾನು ವಿಚಾರಿಸಿ ಹೇಳುತ್ತೇನೆ ಎಂದು ಬಂದಿದ್ದೇನೆ.